ಎರಡು, ಒಂದು, ಎರಡು

ಅನ್ನ ತಳ ಹಿಡಿಯಿತು.

ಹದಿನೇಳು ವರ್ಷದಿಂದ ಆ ಹಡಗಿನ ಅಡುಗೆಮನೆಯಲ್ಲಿ ನಿಂತವನ ಕೈಯಲ್ಲಿ ಅನ್ನ ತಳ ಹಿಡಿದದ್ದು ಅದೇ ಮೊದಲು. ಸೀದ ವಾಸನೆ ಊಟದ ಕೋಣೆ ದಾಟಿ, ಮೆಟ್ಟಿಲಿಳಿದು, ಇಂಜಿನ್ ಕೋಣೆಯವರೆಗೂ ಹೋಯಿತು. ಇಂಜಿನ್ ನೋಡಿಕೊಳ್ಳುವ ಮೇಸ್ತ್ರಿ ಎಣ್ಣೆಗೈಯಲ್ಲೇ ಓಡಿ ಬಂದು ಬಾಗಿಲಲ್ಲಿ ನಿಂತ.

“ಏನ್ ಸೌಟಣ್ಣ, ಎಲ್ಲೋ ವೈರ್ ಸುಡ್ತಿದೆ ಅಂತ ಇಡೀ ಇಂಜಿನ್ ತಡಕಾಡಿಬಿಟ್ಟೆ ನಾನು!”

“ಒಳ್ಳೇದಾಯ್ತು. ವರ್ಷಕ್ಕೊಂದು ಸಲನಾದ್ರೂ ತಡಕಾಡ್ಬೇಕು. ಹೋಗು.”

ಹಡಗಿನಲ್ಲಿ ಎಲ್ಲರೂ ಅವನನ್ನು ಸೌಟಣ್ಣ ಎಂದೇ ಕರೆಯುತ್ತಿದ್ದರು. ಕೈಯಲ್ಲಿ ಸದಾ ಸೌಟು, ಮೂಗಿನ ತುದಿಯಲ್ಲಿ ಸದಾ ಕೋಪ. ವಿಜ್ಞಾನಿಯಿರಲಿ, ಕ್ಯಾಪ್ಟನ್ ಇರಲಿ, ತಟ್ಟೆಯಲ್ಲಿ ಒಂದಗುಳು ಬಿಟ್ಟರೂ ಮಂಗಳಾರತಿ ತಪ್ಪುತ್ತಿರಲಿಲ್ಲ. ಆದರೆ ಅಂದು ಬೆಳಿಗ್ಗೆಯಿಂದ ಅವನು ಯಾರನ್ನೂ ಬೈದಿರಲಿಲ್ಲ. ಒಲೆಗೆ ಬೆನ್ನು ಹಾಕಿ, ಗೋಡೆಯ ಗುಂಡು ಗಾಜಿನಿಂದ ಸಮುದ್ರ ನೋಡುತ್ತ ನಿಂತಿದ್ದ. ಎಂಟು ದಿನ ಎಡೆಬಿಡದೆ ಓಡಿದ ಹಡಗು ಆ ಬೆಳಿಗ್ಗೆ ನಿಂತಿತ್ತು. ನಿಂತ ಜಾಗದ ಕೆಳಗೆ, ನಾಲ್ಕು ಸಾವಿರದ ಇನ್ನೂರು ಮೀಟರ್ ಆಳದಲ್ಲಿ ‘ಕಿವಿ’ ಇತ್ತು.

ಕಿವಿ ಎಂಬುದು ಹಡಗಿನವರು ಇಟ್ಟ ಹೆಸರು. ಇಬ್ಬರು ಎತ್ತಬಹುದಾದ ಒಂದು ಲೋಹದ ಕೊಳವೆ ಅದು. ಸಮುದ್ರದ ತಳದಲ್ಲಿ ವರ್ಷಗಟ್ಟಲೆ ಕಾದು, ಕೇಳಿಸಿದ್ದನ್ನೆಲ್ಲ ತನ್ನೊಳಗೆ ಬರೆದಿಟ್ಟುಕೊಳ್ಳುತ್ತದೆ. ತಿಮಿಂಗಿಲದ ಕೂಗು, ನೆಲ ಅದುರಿದ ಸದ್ದು, ದೂರದ ಹಡಗುಗಳ ಗುರುಗುಟ್ಟುವಿಕೆ, ಎಲ್ಲವನ್ನೂ. ತೇಲಿಸಲು ಮೇಲೆ ಹಳದಿ ಚಿಪ್ಪಿನೊಳಗೆ ಗಾಜಿನ ಗುಂಡುಗಳು, ಮುಳುಗಿಸಲು ಕೆಳಗೆ ಎರಡು ಹಳೆಯ ರೈಲು ಗಾಲಿ, ನಡುವೆ ಒಂದು ಕೊಕ್ಕೆ. ಹಡಗಿನಿಂದ ಗೊತ್ತಾದ ಒಂದು ಸದ್ದು ಕಳಿಸಿದರೆ ಕೊಕ್ಕೆ ಬಾಯಿ ಬಿಡುತ್ತದೆ. ಗಾಲಿಗಳು ಅಲ್ಲೇ ಉಳಿಯುತ್ತವೆ, ಕಿವಿ ತೇಲಿ ಬರುತ್ತದೆ. ಬರಬೇಕು. ಬಾರದೆ ಅಲ್ಲೇ ಉಳಿದವೂ ಉಂಟು.

ಆ ಕಿವಿಯೊಳಗೆ ತನ್ನ ತಮ್ಮನಿದ್ದಾನೆ ಎಂದು ಸೌಟಣ್ಣನಿಗೆ ಗೊತ್ತಾಗಿ ನಾಲ್ಕು ದಿನವಾಗಿತ್ತು.

ತಮ್ಮನನ್ನು ಎಲ್ಲರೂ ಬುಗುರಿ ಎನ್ನುತ್ತಿದ್ದರು. ವಿಂಚಿನ ಕೆಲಸ ಅವನದು. ಸಾವಿರಾರು ಮೀಟರ್ ಉಕ್ಕಿನ ಹಗ್ಗವನ್ನು ದೊಡ್ಡ ಉರುಳೆಯಿಂದ ಬಿಚ್ಚಿ ಇಳಿಸುವುದು, ಮತ್ತೆ ಸುತ್ತಿ ಎತ್ತುವುದು. ಉರುಳೆ ನಿಂತರೂ ಅವನು ನಿಲ್ಲುತ್ತಿರಲಿಲ್ಲ. ಅಣ್ಣನಿಗಿಂತ ಒಂಬತ್ತು ವರ್ಷ ಚಿಕ್ಕವನು. ಕೈಹಿಡಿದು ಹಡಗಿಗೆ ಕರೆತಂದವನು ಅಣ್ಣನೇ.

ಅಡುಗೆಮನೆಗೂ ಹಿಂಬದಿಯ ಡೆಕ್ಕಿಗೂ ನಡುವೆ ಒಂದು ಕಬ್ಬಿಣದ ಗೋಡೆ. ಗೋಡೆಯಲ್ಲಿ ಮೊಳದಗಲದ ಕಿಟಕಿ, ಅದಕ್ಕೆ ಮೇಲಕ್ಕೆ ಸರಿಸಿ ತೆಗೆಯುವ ಕಬ್ಬಿಣದ ಬಾಗಿಲು. ಹೊರಗೆ ಕೆಲಸ ಮಾಡುವವರಿಗೆ ಚಹಾ ಕೊಡಲೆಂದು ಮಾಡಿದ್ದು. ಬೇರೆಯವರೆಲ್ಲ “ಸೌಟಣ್ಣಾ, ಚಾ!” ಎಂದು ಕೂಗುತ್ತಿದ್ದರು. ಬುಗುರಿ ಮಾತ್ರ ತಟ್ಟುತ್ತಿದ್ದ. ಟಕ್ ಟಕ್. ಟಕ್. ಟಕ್ ಟಕ್. ಎರಡು, ಒಂದು, ಎರಡು. ಅಣ್ಣ ಒಳಗಿನಿಂದ ಸೌಟಿನಲ್ಲಿ ಒಂದೇ ಏಟು ಹೊಡೆದು ಕಿಟಕಿ ಸರಿಸುತ್ತಿದ್ದ. ‘ಬಂದೆ’ ಎಂದು ಅದರ ಅರ್ಥ.

ಅದು ಹಡಗಿನಲ್ಲಿ ಹುಟ್ಟಿದ್ದಲ್ಲ. ಅಪ್ಪ ಮುಂಗೋಪಿ. ಸಣ್ಣ ತಪ್ಪಿಗೂ ಕಿರಿಯವನನ್ನು ಹೊರಗೆ ದಬ್ಬಿ ಬಾಗಿಲು ಹಾಕುತ್ತಿದ್ದ. ಹೊರಗೆ ನಿಂತು ಅತ್ತರೆ ಅದಕ್ಕೂ ಏಟು. “ಅಳಬೇಡ. ಹಿಂದಿನ ಬಾಗಿಲಿಗೆ ಬಂದು ಹೀಗೆ ತಟ್ಟು. ನಾನು ತೆಗೀತೀನಿ,” ಎಂದು ಅಣ್ಣನೇ ಹೇಳಿಕೊಟ್ಟಿದ್ದ. ತಟ್ಟಿದಾಗಲೆಲ್ಲ ತೆಗೆದಿದ್ದ. ಒಂದು ದಿನವೂ ತಪ್ಪಿಸಿರಲಿಲ್ಲ.

ಜಗಳವಾದದ್ದು ಕಳೆದ ವರ್ಷ ಇದೇ ಪ್ರಯಾಣದಲ್ಲಿ, ಹೊರಟ ಮೂರನೆಯ ದಿನ, ತುಂಬಿದ ಊಟದ ಕೋಣೆಯಲ್ಲಿ.

“ಅಣ್ಣಾ, ಇದೇ ನಂದು ಕೊನೇ ಸಲ,” ಎಂದ ಬುಗುರಿ. “ಬಂದರಿನಲ್ಲಿ ಕ್ರೇನ್ ಕೆಲಸ ಸಿಕ್ಕಿದೆ.”

“ಯಾಕೆ, ಇಲ್ಲೇನಾಗಿದೆ ನಿಂಗೆ? ಊಟಕ್ಕೆ ಕಮ್ಮಿನಾ, ನಿದ್ದೆಗೆ ಕಮ್ಮಿನಾ?”

“ಹೋದ ಸಲ ಮನೆಗೆ ಹೋದಾಗ ಮಗಳು ನನ್ನ ನೋಡಿ ಓಡಿಹೋಗಿ ಅವಳಮ್ಮನ ಹಿಂದೆ ಅವಿತ್ಕೊಂಡ್ಲು. ‘ಅಮ್ಮಾ, ಯಾರೋ ಬಂದಿದ್ದಾರೆ’ ಅಂದ್ಲು. ನನ್ನ ಮನೇಲಿ ನಾನು ಯಾರೋ ಆಗಿಬಿಟ್ಟಿದ್ದೀನಿ ಅಣ್ಣ.”

ಅಷ್ಟು ಹೇಳಿದವನಿಗೆ ಸಮಾಧಾನದ ಒಂದು ಮಾತು ಸಾಕಿತ್ತು. ಆದರೆ ಸೌಟಣ್ಣ ಮದುವೆಯಾದವನಲ್ಲ. ದಡದಲ್ಲಿ ಅವನಿಗೆ ಮನೆಯೆಂದರೆ ತಮ್ಮನ ಮನೆ, ನೀರಿನ ಮೇಲೆ ಬಳಗವೆಂದರೆ ತಮ್ಮ. ಇವನು ಇಳಿದುಹೋದರೆ ತಾನೊಬ್ಬನೇ. ಅದನ್ನು ಹೇಳಲು ನಾಲಿಗೆ ಏಳಲಿಲ್ಲ. ಎದ್ದದ್ದು ಬೇರೆ ಮಾತಿಗೆ.

“ಹೋಗೋ, ಹೋಗು! ಹೆಂಡ್ತಿ ಸೆರಗು ಹಿಡ್ಕೊಂಡು ಮನೇಲೇ ಬಿದ್ದಿರು. ಸಮುದ್ರ ನಿನ್ನಂಥೋರಿಗಲ್ಲ. ಇವತ್ತಿಂದ ನಂಗೆ ತಮ್ಮ ಅನ್ನೋನೇ ಇಲ್ಲ!”

ಹದಿನಾಲ್ಕು ಜನರ ಚಮಚ ತಟ್ಟೆಯ ಮೇಲೆ ನಿಂತವು. ಬುಗುರಿ ಅರ್ಧ ಊಟಕ್ಕೆ ಎದ್ದು ಹೋದ.

ಆಮೇಲೆ ಮಾತಿಲ್ಲ ಕತೆಯಿಲ್ಲ. ಡೆಕ್ಕಿನವರು ಚಹಾ ಕೇಳಿದರೆ ಕಿಟಕಿ ತೆಗೆದು ಕೊಡುತ್ತಿದ್ದ. ಬುಗುರಿ ಮಾತ್ರ ಅತ್ತ ಸುಳಿಯಲಿಲ್ಲ. ‘ಬಂದು ಒಂದೇ ಒಂದು ಸಲ ತಟ್ಟಲಿ, ತೆಗೀತೀನಿ’ ಎಂದು ಅಣ್ಣ ಬಿಗಿದುಕೊಂಡೇ ಇದ್ದ. ಹಡಗು ದಡ ಸೇರಿತು. ಬುಗುರಿ ಚೀಲ ಹೆಗಲಿಗೇರಿಸಿ ಇಳಿದುಹೋದ. ಐದು ತಿಂಗಳಾದ ಮೇಲೆ ಮೂರೇ ದಿನದ ಜ್ವರದಲ್ಲಿ ಸತ್ತ. ಸುದ್ದಿ ಬಂದಾಗ ಹಡಗು ದಡದಿಂದ ಹನ್ನೊಂದು ದಿನದ ದೂರದಲ್ಲಿತ್ತು. ಮುಖ ನೋಡಲೂ ಆಗಲಿಲ್ಲ. ಆ ಕೋಪಕ್ಕೆ ಸೌಟಣ್ಣ ಜೇಬಿನಲ್ಲಿದ್ದ ತನ್ನ ಮೊಬೈಲನ್ನೇ ಸಮುದ್ರಕ್ಕೆ ಎಸೆದ. ತಮ್ಮನ ಫೋಟೊ, ತಮ್ಮ ಕಳಿಸಿದ್ದ ಮಾತು, ಎಲ್ಲ ಅದರಲ್ಲೇ ಇದ್ದವೆಂದು ನೆನಪಾದದ್ದು ಎಸೆದ ಮೇಲೆ.

ತಿಂಗಳ ನಂತರ ತಮ್ಮನ ಮನೆಗೆ ಹೋದ. ತಮ್ಮನ ಹೆಂಡತಿ ಚಹಾ ತಂದಿಟ್ಟು, ಬಾಗಿಲಿಗೆ ಒರಗಿ ನಿಂತು ಹೇಳಿದಳು:

“ಅವರು ನಿಮ್ಮ ಕಿಟಕಿ ತಟ್ಟಿದ್ರಂತೆ ಭಾವ. ನೀವು ತೆಗೀಲಿಲ್ವಂತೆ.”

“ಸುಳ್ಳು! ಅವನು ತಟ್ಟೇ ಇಲ್ಲ. ತಟ್ಟಿದ್ರೆ ನಾನು ತೆಗೀತಿರ್ಲಿಲ್ವಾ?”

ಸೌಟಣ್ಣ ಚಹಾ ಮುಟ್ಟದೆ ಎದ್ದು ಬಂದ. ಆರು ತಿಂಗಳಾಯಿತು, ಆ ಮನೆಗೆ ಫೋನಿಲ್ಲ.

ಹೀಗಿರುವಾಗ ನಾಲ್ಕು ದಿನದ ಹಿಂದೆ, ಬೆಳಗಿನ ತಿಂಡಿಯ ಹೊತ್ತಿಗೆ, ಸದ್ದಿನ ಮೇಡಂ ಹೊಸ ವಿಂಚಿನವನಿಗೆ ಪಾಠ ಹೇಳುತ್ತಿದ್ದರು. ಪ್ರಯಾಣದ ಮುಖ್ಯ ವಿಜ್ಞಾನಿ ಅವರು. ಸಮುದ್ರದ ಸದ್ದು ಹಿಡಿಯುವುದೇ ಅವರ ಕೆಲಸವಾದ್ದರಿಂದ ಆ ಹೆಸರು.

“ಅಯಸ್ಕಾಂತಕ್ಕೆ ಕೈ ಹಾಕೀಯಾ ಜೋಕೆ! ಹೋದ ವರ್ಷ ಬುಗುರಿ ಏನು ಮಾಡಿದ್ದ ಗೊತ್ತಾ?”

ಕಿವಿಯ ಮೈಗೆ ಒಂದು ಅಯಸ್ಕಾಂತ ಅಂಟಿಸಿರುತ್ತಾರೆ. ಅದು ಇರುವವರೆಗೆ ಕಿವಿ ನಿದ್ದೆಯಲ್ಲಿರುತ್ತದೆ. ಕಿತ್ತರೆ ಎಚ್ಚರವಾಗಿ ಬರೆದುಕೊಳ್ಳಲು ತೊಡಗುತ್ತದೆ. ನೀರಿಗೆ ಬಿಡುವ ಹತ್ತು ನಿಮಿಷ ಮೊದಲು ಕೀಳಬೇಕು. ಬುಗುರಿ ಅದನ್ನು ಹಿಂದಿನ ದಿನ ಸಂಜೆಯೇ ಕಿತ್ತು, ಕೆಲಸದ ಚೀಟಿ ಗಾಳಿಗೆ ಹಾರದಿರಲೆಂದು ವಿಂಚಿನ ಮೈಗೆ ಅಂಟಿಸಿಕೊಂಡಿದ್ದ.

“ಹದಿನೆಂಟು ಗಂಟೆ ಆ ಕಿವಿ ಡೆಕ್ ಮೇಲೆ ಎಚ್ಚರವಾಗಿ ಕೂತಿತ್ತಪ್ಪಾ! ಅದೂ ಎಲ್ಲಿ, ಅಡುಗೆಮನೆ ಗೋಡೆಗೆ ಕಟ್ಟಿದ್ವಿ. ಸಮುದ್ರದ ಸದ್ದು ಕೇಳೋಕೆ ತಂದ ಕಿವಿ ನಮ್ಮ ಸೌಟಣ್ಣ ಪಾತ್ರೆ ಕುಕ್ಕೋದನ್ನ ಕೇಳ್ಕೊಂಡು ಕೂತಿತ್ತು.”

ಎಲ್ಲರೂ ನಕ್ಕರು. ಮೊಟ್ಟೆ ಬಡಿಸುತ್ತಿದ್ದ ಸೌಟಣ್ಣನ ಕೈ ನಿಂತಿತು.

“ಆ ಸದ್ದೆಲ್ಲ ಅದರೊಳಗೆ ಇದೆಯಾ ಮೇಡಂ?”

“ಇರುತ್ತೆ. ಕಿವಿ ಮೇಲೆ ಬಂದ್ರೆ.”

ಅಂದಿನಿಂದ ಅವನ ಕಾಲು ಒಂದೆಡೆ ನಿಲ್ಲಲಿಲ್ಲ. ತಮ್ಮನ ಹೆಜ್ಜೆ ಕೇಳಿಸಿದರೆ ಸಾಕು. ಹಗ್ಗ ಸುತ್ತುವಾಗ ಎರಡೇ ಸಾಲು ಗುನುಗಿ ಮೂರನೆಯದು ಬಾರದೆ ಮತ್ತೆ ಮೊದಲಿಗೆ ಹೋಗುತ್ತಿದ್ದನಲ್ಲ, ಅದಾದರೂ ಸಾಕು. ಇನ್ನೊಂದೂ ಇತ್ತು. ತಮ್ಮ ತಟ್ಟಿದನೋ ಇಲ್ಲವೋ, ಕಿವಿ ಕೇಳಿರುತ್ತದೆ. ತಟ್ಟಿರಲಿ ಎಂದು ಒಂದು ಮನಸ್ಸು, ತಟ್ಟಿರದಿರಲಿ ಎಂದು ಇನ್ನೊಂದು.

ಈಗ ಅನ್ನ ಸೀದು ಕೂತಿತ್ತು, ಕಿವಿ ಮೇಲೆ ಬರುತ್ತಿರಲಿಲ್ಲ. ಬೆಳಿಗ್ಗೆ ಒಂಬತ್ತರಿಂದ ಮೇಡಂ ಕರೆಯುತ್ತಿದ್ದರು. ಹಡಗಿನ ಬದಿಯಿಂದ ನೀರಿಗೆ ತಂತಿ ಇಳಿಬಿಟ್ಟು, ಡೆಕ್ಕಿನ ಮೇಜಿನ ಮೇಲಿಟ್ಟ ಪೆಟ್ಟಿಗೆ ಕಿರ್ ಎಂದು ಸದ್ದು ಕಳಿಸುತ್ತಿತ್ತು. ಕೆಳಗಿನಿಂದ ಉತ್ತರವಿಲ್ಲ. ಹನ್ನೊಂದಾಯಿತು. ಸೌಟಣ್ಣ ಏಪ್ರನ್ನಿನಲ್ಲೇ ಡೆಕ್ಕಿಗೆ ನುಗ್ಗಿದ. ಅಲ್ಲಿ ಕ್ಯಾಪ್ಟನ್ ಗಡಿಯಾರ ನೋಡುತ್ತಿದ್ದರು.

“ಇನ್ನೊಂದು ಗಂಟೆ ಮೇಡಂ. ಗಾಳಿ ಏಳ್ತಿದೆ. ಆಮೇಲೆ ಹೊರಟುಬಿಡೋಣ. ಹೊಸ ಕಿವಿ ಒಂದಿದೆಯಲ್ಲ, ಅದನ್ನ ಮುಂದೆಲ್ಲಾದ್ರೂ ಬಿಡಿ.”

“ಏನ್ ಸಾರ್ ಹೊರಡೋದು?” ಎಂದ ಸೌಟಣ್ಣ. “ಎಂಟು ದಿನ ಬಂದಿದ್ದು ಗಾಳಿ ತಿನ್ನೋಕಾ?”

“ರೀ, ನಿಮಗೇನ್ರೀ ಇಲ್ಲಿ ಕೆಲಸ? ಅನ್ನ ಸೀಸಿದ್ದು ಸಾಲದಾ?”

“ಅನ್ನ ಇನ್ನೊಂದು ಸಲ ಮಾಡ್ತೀನಿ. ಕಿವಿ ಇನ್ನೊಂದು ಮಾಡೋಕಾಗುತ್ತಾ ನಿಮ್ಮ ಕೈಲಿ?”

ಕ್ಯಾಪ್ಟನ್ ಮುಖ ಕೆಂಪಾಯಿತು. ಮೇಡಂ ಕೈ ಎತ್ತಿದರು.

“ಜಗಳ ಆಮೇಲೆ ಆಡಿ. ಅದು ಉತ್ತರ ಕೊಡ್ತಿರಬಹುದು, ನಮಗೇ ಕೇಳಿಸ್ತಿಲ್ಲ. ಬ್ಯಾಟರಿ ಸೋತಿರುತ್ತೆ, ಧ್ವನಿ ಸಣ್ಣಗಾಗಿರುತ್ತೆ. ನಮ್ಮ ಹಡಗಿನದೇ ಸದ್ದು ಜಾಸ್ತಿ.”

“ಯಾವ ಸದ್ದು?”

“ಇಂಜಿನ್, ಪಂಪು, ಫ್ಯಾನು. ಎಲ್ಲಕ್ಕಿಂತ ಹೆಚ್ಚು ನಿಮ್ಮ ಶೀತಲ ಕೋಣೆದು. ಗುಂಯ್ ಅಂತ ಅದು ನೀರಿಗೇ ಇಳಿಯುತ್ತೆ.”

ಶೀತಲ ಕೋಣೆಯೆಂದರೆ ಸೌಟಣ್ಣನ ಜೀವ. ನಲವತ್ತು ದಿನದ ಮಾಂಸ, ಮೀನು, ತರಕಾರಿ ಅದರಲ್ಲಿ. ಬಾಗಿಲು ಅರ್ಧ ನಿಮಿಷ ತೆರೆದಿಟ್ಟವನ ಮೂರು ತಲೆಮಾರನ್ನು ಅವನು ಬೈದದ್ದುಂಟು. ಈಗ ಒಳಗೆ ಹೋಗಿ ತನ್ನ ಕೈಯಾರೆ ಅದರ ಸ್ವಿಚ್ಚು ಎಳೆದ. ಫ್ಯಾನು ನಿಲ್ಲಿಸಿದ, ಪಂಪು ನಿಲ್ಲಿಸಿದ, ಒಲೆ ಆರಿಸಿದ. ಇಂಜಿನ್ ಕೋಣೆಯ ಮೆಟ್ಟಿಲಲ್ಲಿ ಬಗ್ಗಿ ಕೂಗಿದ:

“ಲೋ ಮೇಸ್ತ್ರಿ! ನಿಂದೂ ಬಾಯಿ ಮುಚ್ಸೋ!”

ಕ್ಯಾಪ್ಟನ್ ತಲೆಯಾಡಿಸಿ ಒಪ್ಪಿಗೆ ಕೊಟ್ಟರು. ಒಂದೊಂದಾಗಿ ಎಲ್ಲ ನಿಂತವು. ಹದಿನೇಳು ವರ್ಷದಲ್ಲಿ ಆ ಹಡಗು ಅಷ್ಟು ಸುಮ್ಮನಾದದ್ದನ್ನು ಸೌಟಣ್ಣ ಕಂಡಿರಲಿಲ್ಲ. ಪಕ್ಕೆಗೆ ಬಡಿಯುವ ನೀರಿನ ಸದ್ದು ಬಿಟ್ಟರೆ ಇನ್ನೇನಿಲ್ಲ. ಮೇಡಂ ಮತ್ತೆ ಕರೆದರು. ಕಿರ್. ಪೆಟ್ಟಿಗೆಯೊಳಗಿಂದ, ದೂರದ ಕಪ್ಪೆಯ ಹಾಗೆ, ಒಂದು ಸಣ್ಣ ಕಿರ್ ಮರಳಿ ಬಂತು.

“ಇದೆ!” ಎಂದು ಮೇಡಂ ಮೇಜು ಕುಟ್ಟಿದರು. “ಕೊಕ್ಕೆ ಬಿಡು ಅಂತ ಹೇಳ್ತೀನಿ.”

ಪೆಟ್ಟಿಗೆಯ ಮೇಲೆ ಹಡಗಿನಿಂದ ಕಿವಿಗೆ ಇರುವ ಓರೆ ದೂರದ ಅಂಕಿ ಬರುತ್ತಿತ್ತು. ನಾಲ್ಕು ಸಾವಿರದ ಮುನ್ನೂರು. ನಾಲ್ಕು ಸಾವಿರದ ಮುನ್ನೂರು. ಮತ್ತೂ ಅದೇ. ಸೌಟಣ್ಣ ಅಂಕಿಯನ್ನು ನುಂಗುವವನ ಹಾಗೆ ನೋಡಿದ. ಆಮೇಲೆ ನಾಲ್ಕು ಸಾವಿರದ ಇನ್ನೂರ ನಲವತ್ತು. ನಾಲ್ಕು ಸಾವಿರದ ನೂರ ಎಪ್ಪತ್ತು.

“ಹೊರಟಿದೆ,” ಎಂದ ಹೊಸ ವಿಂಚಿನವ.

ಮೇಲೆ ಬರಲು ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ಅಲೆಗಳ ನಡುವೆ ಹಳದಿ ಗುಂಡುಗಳನ್ನು ಮೊದಲು ಕಂಡವನು ಸೌಟಣ್ಣ. ಸೌಟು ಎತ್ತಿ ತೋರಿಸಿದ.

ಆ ದಿನ ಎಲ್ಲರಿಗೂ ಬ್ರೆಡ್ಡು, ಬೇಯಿಸಿದ ಮೊಟ್ಟೆ. ಯಾರೂ ಗೊಣಗಲಿಲ್ಲ.

ಮರುದಿನ ಮಧ್ಯಾಹ್ನ ಪಾತ್ರೆಗಳೆಲ್ಲ ತೊಳೆದಾದ ಮೇಲೆ ಸೌಟಣ್ಣ ಮೇಡಂ ಕೋಣೆಯ ಬಾಗಿಲಲ್ಲಿ ನಿಂತ. ಒಳಗೆ ಬರುವುದೋ ಬೇಡವೋ ಎಂದು ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತಲೇ ಇದ್ದ. ಯಾರ ಹತ್ತಿರವೂ ಏನನ್ನೂ ಕೇಳಿ ಅಭ್ಯಾಸವಿಲ್ಲದ ಮನುಷ್ಯ.

“ಆ ಹದಿನೆಂಟು ಗಂಟೆದು ಏನ್ ಮಾಡ್ತೀರಿ ಮೇಡಂ?”

“ಅದಾ? ಈಗ ಅದೇ ಕೆಲಸ. ಡೆಕ್ ಮೇಲಿನ ಕಸ ಎಲ್ಲ ಕತ್ತರಿಸಿ ಎಸೀತೀನಿ. ಆಮೇಲೇ ಸಮುದ್ರ ಶುರು.”

“ಕಸಾನಾ?” ಅವನ ದನಿ ಏರಿತು. “ಯಾರದ್ರೀ ಕಸ? ಅದರಲ್ಲಿ ನನ್ನ ತಮ್ಮ ಇದ್ದಾನೆ!”

ಮೇಡಂ ಕಂಪ್ಯೂಟರಿನ ಮೌಸನ್ನು ದೂರ ಸರಿಸಿ, ಕುರ್ಚಿ ತೋರಿಸಿದರು. “ಕೂತ್ಕೊಳ್ಳಿ ಸೌಟಣ್ಣ. ನನ್ನದು ತಪ್ಪಾಯ್ತು.” ಹೆಡ್‌ಫೋನು ಅವನ ತಲೆಗೆ ತಾವೇ ಹಾಕಿದರು. “ಒಂದು ಮಾತು. ನೀರಿನ ಕಿವಿ ಇದು, ಗಾಳಿಯಲ್ಲಿ ಆಡಿದ ಮಾತು ಇದಕ್ಕೆ ಸರಿಯಾಗಿ ಕೇಳಿಸಲ್ಲ. ಕಬ್ಬಿಣದಲ್ಲಿ ಹರಿದು ಬಂದಿದ್ದು ಚೆನ್ನಾಗಿ ಕೇಳಿಸುತ್ತೆ. ಜಾಸ್ತಿ ಆಸೆ ಇಟ್ಕೋಬೇಡಿ.”

ಮೊದಲಿಗೆ ಬರೀ ಗುಂಯ್. ಆಮೇಲೆ ಸರಪಳಿಯ ಸದ್ದು, ಬಕೆಟ್ಟು, ಬೂಟುಗಳು. ಒಂದು ಜೋಡಿ ಬೂಟು ಬೇರೆಯವಕ್ಕಿಂತ ಚುರುಕು, ಎರಡು ಹೆಜ್ಜೆಗೊಮ್ಮೆ ಹಿಮ್ಮಡಿ ಎಳೆಯುತ್ತಿತ್ತು. ಸೌಟಣ್ಣ ಕಣ್ಣು ಮುಚ್ಚಿದ. ಕಂಬಳಿಯೊಳಗಿಂದ ಬಂದ ಹಾಗೆ ಮೇಡಂ ಯಾವುದಕ್ಕೋ ಬೈದದ್ದು, ಅದಕ್ಕೆ ಇನ್ನೊಂದು ದನಿ ಏನೋ ಹೇಳಿದ್ದು, ಯಾರೋ ನಕ್ಕದ್ದು. ಮಾತು ಒಂದೂ ತಿಳಿಯಲಿಲ್ಲ. ಆಮೇಲೆ ಉರುಳೆ ತಿರುಗುವ ಸದ್ದಿನಡಿಯಲ್ಲಿ, ತೆಳ್ಳಗೆ, ಗುನುಗು. ಎರಡು ಸಾಲು. ತಡೆದು, ಮತ್ತೆ ಮೊದಲಿಂದ.

“ಮೂರನೇದು ಬರೋದೇ ಇಲ್ಲ ಇವನಿಗೆ,” ಎಂದ ಸೌಟಣ್ಣ, ಕಣ್ಣು ಮುಚ್ಚಿಯೇ. ಮೇಡಂ ಅದನ್ನು ಆರು ಸಲ ಕೇಳಿಸಿದರು. ಅವನು ಸಾಕೆನ್ನಲಿಲ್ಲ, ಅವರಾಗಿಯೇ ಮುಂದೆ ಸರಿಸಿದರು.

ಹಾಗೆ ಸರಿಸುತ್ತ, ಕಿವಿ ಕೇಳಿದ್ದ ಮರುದಿನದ ಬೆಳಗಿಗೆ ಬಂದರು. ಪರದೆಯ ಮೇಲೆ ಸದ್ದೆಲ್ಲ ಗೆರೆಗಳಾಗಿ ಹರಿಯುತ್ತಿದ್ದವು. ಒಂದು ಕಡೆ ಸಣ್ಣ ಗೆರೆಗಳ ಒತ್ತೊತ್ತಾದ ಸಾಲು, ಬಾಚಣಿಗೆಯ ಹಲ್ಲಿನ ಹಾಗೆ.

“ಇದೇನು? ಇಷ್ಟು ಕ್ರಮವಾಗಿದೆ?”

ಸೌಟಣ್ಣ ಕೇಳಿದ. ತಕ ತಕ ತಕ ತಕ. “ನನ್ನ ಚಾಕು. ಈರುಳ್ಳಿ ಹೆಚ್ತಿದ್ದೀನಿ. ಗಂಟೆ ಎಷ್ಟು?”

“ಹತ್ತು ನಲವತ್ತು.”

“ಹ್ಞಾ, ಈರುಳ್ಳಿ ಹೊತ್ತೇ.” ಅವನು ನಗಲು ಹೊರಟ. ಹಿಮ್ಮಡಿ ಎಳೆಯುವ ಬೂಟು ಹತ್ತಿರ ಬಂತು. ನಿಂತಿತು.

ಟಕ್ ಟಕ್. ಟಕ್. ಟಕ್ ಟಕ್.

ಪರದೆಯ ಮೇಲೆ ಐದು ಎತ್ತರದ ಗೆರೆಗಳು ಎದ್ದವು. ಅವುಗಳ ಜೊತೆಗೇ ಬಾಚಣಿಗೆಯ ಹಲ್ಲು ನಿಂತುಹೋಯಿತು. ಚಾಕು ನಿಂತಿತ್ತು. ಬರೀ ಗುಂಯ್. ಮತ್ತೆ ಐದು ಗೆರೆ, ಈ ಸಲ ಮೆಲ್ಲಗೆ. ಎರಡು, ಒಂದು, ಎರಡು. ಚಾಕು ಇನ್ನೂ ನಿಂತೇ ಇತ್ತು. ತುಂಬ ಹೊತ್ತಿನ ಮೇಲೆ ಬೂಟು ಹಿಮ್ಮಡಿ ಎಳೆಯುತ್ತ ದೂರ ಹೋಯಿತು. ಆಮೇಲೆ ಚಾಕು ಮೊದಲಾಯಿತು, ಮೊದಲಿಗಿಂತ ಎರಡು ಪಟ್ಟು ಬಿರುಸಾಗಿ, ಅಡ್ಡಾದಿಡ್ಡಿಯಾಗಿ.

ಸೌಟಣ್ಣ ಹೆಡ್‌ಫೋನು ತೆಗೆದು ತೊಡೆಯ ಮೇಲಿಟ್ಟುಕೊಂಡ. ಮೇಡಂ ಅವನನ್ನೂ ಪರದೆಯನ್ನೂ ನೋಡಿದರು.

“ಫ್ಯಾನ್ ಸದ್ದಿಗೆ ನಿಮಗೆ ಕೇಳಿಸಿರ್ಲಿಲ್ವೇನೋ.”

“ಕೇಳಿಸಿರ್ಲಿಲ್ಲ ಅಂದ್ರೆ ಚಾಕು ಯಾಕ್ ನಿಲ್ಲುತ್ತೆ ಮೇಡಂ?”

ಈಗ ಎಲ್ಲ ಕಣ್ಣ ಮುಂದೆ ಬಂತು. ಅರ್ಧ ಹೆಚ್ಚಿದ ಈರುಳ್ಳಿ, ಉರಿಯುವ ಕಣ್ಣು, ಕಿಟಕಿಯವರೆಗೆ ಎರಡೇ ಹೆಜ್ಜೆ. ‘ಐದು ದಿನಕ್ಕೆ ಬಂತಾ ಬುದ್ಧಿ? ಇನ್ನೊಂದು ಸಲ ತಟ್ಟಲಿ’ ಎಂದುಕೊಂಡದ್ದು. ತಟ್ಟಿದಾಗ ‘ಇನ್ನೂ ಒಂದು ಸಲ’ ಎಂದುಕೊಂಡದ್ದು. ಆಮೇಲೆ ಹೊರಟುಹೋದವನ ಮೇಲೆ ಉಕ್ಕಿದ ಕೋಪ. ದಡ ಸೇರುವ ಹೊತ್ತಿಗೆ ‘ಅವನು ಬರಲೇ ಇಲ್ಲ’ ಎಂದು ತನಗೆ ತಾನೇ ಹೇಳಿಕೊಂಡಿದ್ದ. ಅವನು ಸತ್ತ ಮೇಲೆ ಅದೇ ನಿಜವಾಗಿಬಿಟ್ಟಿತ್ತು.

“ಇದನ್ನ ಎಸೀಬೇಡಿ,” ಎಂದಷ್ಟೇ ಹೇಳಿ ಎದ್ದು ಹೋದ.

ಹಡಗಿನಿಂದ ಮನೆಗೆ ಮಾತಾಡಲು ಒಂದೇ ಫೋನು, ಉಪಗ್ರಹದ ಮೂಲಕ. ತಲೆಗೆ ವಾರಕ್ಕೆ ಹತ್ತು ನಿಮಿಷ. ಸೌಟಣ್ಣ ಆರು ತಿಂಗಳಿಂದ ತನ್ನ ಸರದಿಯನ್ನು ಇಂಜಿನ್ ಮೇಸ್ತ್ರಿಗೆ ಬಿಟ್ಟುಕೊಟ್ಟಿದ್ದ. ಆ ಸಂಜೆ ಮೇಸ್ತ್ರಿ ಫೋನು ಕಿವಿಗೆ ಹಚ್ಚುತ್ತಿದ್ದಾಗ ಬಂದು ಕೈ ಚಾಚಿದ.

“ಕೊಡು. ಇವತ್ತು ನಂದು.”

“ಅಯ್ಯೋ ಸೌಟಣ್ಣ, ಹೆಂಡ್ತಿಗೆ ಇಪ್ಪತ್ತು ನಿಮಿಷ ಮಾತಾಡ್ತೀನಿ ಅಂತ ಹೇಳಿಬಿಟ್ಟಿದ್ದೀನಿ!”

“ಹತ್ತರಲ್ಲಿ ಮುಗಿಸು. ಉಳಿದ ಹತ್ತರಲ್ಲಿ ಅವಳು ಬೈಯೋದು ತಪ್ಪುತ್ತೆ.” ಮೇಸ್ತ್ರಿ ಅವನ ಮುಖ ನೋಡಿದ. ಮತ್ತೆ ತಮಾಷೆ ಮಾಡದೆ ಫೋನು ಕೊಟ್ಟು ಹೊರಗೆ ಹೋಗಿ ಬಾಗಿಲೆಳೆದುಕೊಂಡ.

ಆ ಫೋನಿನಲ್ಲಿ ಆಡಿದ ಮಾತು ಮುಟ್ಟಲು, ಉತ್ತರ ಬರಲು, ಒಂದೆರಡು ಉಸಿರು ಕಾಯಬೇಕು.

“ಅಮ್ಮಾ, ನಾನು.”

“...ಭಾವ?”

“ತಟ್ಟಿದ್ದ ಕಣಮ್ಮ ಅವನು. ನನಗೆ ಕೇಳಿಸಿತ್ತು. ನಾನೇ ತೆಗೀಲಿಲ್ಲ.”

ಎರಡು ಉಸಿರಾಯಿತು. ನಾಲ್ಕಾಯಿತು. ಫೋನು ಕಡಿದುಹೋಯಿತೇನೋ ಎಂದು ಅವನು ನೋಡಿದ.

“ಗೊತ್ತು ಭಾವ,” ಎಂದಳು ಅವಳು. “ಅವರಿಗೂ ಗೊತ್ತಿತ್ತು. ‘ಒಳಗೆ ಈರುಳ್ಳಿ ಹೆಚ್ತಿದ್ದ, ನಾನು ತಟ್ಟಿದ ತಕ್ಷಣ ಚಾಕು ನಿಲ್ತು ಕಣೇ’ ಅಂದಿದ್ರು. ನಗ್ತಾ ಇದ್ರು ಹೇಳುವಾಗ. ‘ನಿಲ್ತಲ್ಲ, ಅಷ್ಟು ಸಾಕು. ಕೋಪ ಇಳೀಲಿ, ಅವನೇ ಮನೆಗೆ ಬರ್ತಾನೆ, ಬಂದು ಚಾ ಕುಡೀತಾನೆ’ ಅಂದಿದ್ರು. ಅದನ್ನ ಹೇಳೋಣ ಅಂತಲೇ ಆವತ್ತು ಮಾತು ತೆಗೆದೆ. ನೀವು ಎದ್ದು ಹೋದ್ರಿ.”

ಸೌಟಣ್ಣ ಗೋಡೆಗೆ ಹಣೆ ಒತ್ತಿ ನಿಂತ. ಆಚೆಯಿಂದ ಪುಟ್ಟ ದನಿಯೊಂದು “ಅಮ್ಮಾ, ಯಾರು?” ಎಂದು ಕೇಳಿತು. “ದೊಡ್ಡಪ್ಪ ಕಣೇ,” ಎಂದಳು ಅವಳು.

“ಅವಳಿಗೆ ಹೇಳಮ್ಮ,” ಎಂದ ಅವನು, ದನಿ ನೆಟ್ಟಗೆ ಮಾಡಿಕೊಂಡು. “ಅವಳಪ್ಪ ಹಾಡಿದ್ದು ಸಿಕ್ಕಿದೆ. ತರ್ತೀನಿ. ಎರಡೇ ಸಾಲು.”

“ಮೂರನೇದು ಅವರಿಗೆ ಬರ್ತಿರ್ಲಿಲ್ಲ,” ಎಂದಳು.

“ನಂಗೂ ಬರಲ್ಲ.”

ಮಾತು ಮುಗಿದರೂ ಇಬ್ಬರೂ ಇಡಲಿಲ್ಲ. ಹತ್ತು ನಿಮಿಷ ತಾನಾಗಿಯೇ ಮುಗಿಯಿತು.

ಗಾಳಿ ಒಂದು ದಿನ ಕಾಡಿಸಿ ಇಳಿಯಿತು. ಆ ಫೋನಾದ ಮೂರನೆಯ ದಿನ ಬೆಳಿಗ್ಗೆ ಹೊಸ ಕಿವಿಯನ್ನು ಅದೇ ಜಾಗದಲ್ಲಿ ಬಿಡಲು ಡೆಕ್ಕಿನಲ್ಲಿ ಸಿದ್ಧ ಮಾಡಿದರು. ಮತ್ತೆ ಎರಡು ರೈಲು ಗಾಲಿ, ಮತ್ತೆ ಹಳದಿ ಗುಂಡು. ಮೇಡಂ ತಮ್ಮ ಕೈಯಾರೆ ಅಯಸ್ಕಾಂತ ಕಿತ್ತು, ಎಲ್ಲರಿಗೂ ತೋರಿಸಿ, ಜೇಬಿಗೆ ಹಾಕಿಕೊಂಡರು. ಇನ್ನು ಉಳಿದದ್ದು ತಟ್ಟಿ ನೋಡುವ ಕೆಲಸ. ಎಚ್ಚರವಾಗಿದೆಯೋ ಇಲ್ಲವೋ ತಿಳಿಯಲು ಕೊಳವೆಯನ್ನು ಮೂರು ಸಲ ತಟ್ಟಬೇಕು. ತಟ್ಟಿದಾಗಲೆಲ್ಲ ತುದಿಯಲ್ಲಿ ಹಸಿರು ದೀಪ ಮಿನುಗುತ್ತದೆ. ವಿಂಚಿನವನೇ ಅದನ್ನು ಮಾಡುವುದು. ಹೊಸಬ ಸ್ಪ್ಯಾನರ್ ಎತ್ತಿಕೊಂಡ.

“ತಡಿ,” ಎಂದು ಅಡುಗೆಮನೆಯ ಕಿಟಕಿಯಿಂದ ಕೂಗು ಬಂತು. ಕಿಟಕಿ ಪೂರಾ ತೆರೆದಿತ್ತು. ಎರಡು ದಿನದಿಂದ ತೆರೆದೇ ಇತ್ತು. ಗಾಳಿಗೆ ಒಲೆ ಆರಿದರೂ ಅವನು ಮುಚ್ಚಿರಲಿಲ್ಲ. ಸೌಟಣ್ಣ ಸುತ್ತು ಹಾಕಿ ಡೆಕ್ಕಿಗೆ ಬಂದ.

“ನಾನು ತಟ್ಟಲಾ ಮೇಡಂ?”

ಮೇಡಂ ಹೊಸಬನ ಕಡೆ ನೋಡಿದರು. ಹೊಸಬ ಸ್ಪ್ಯಾನರ್ ಚಾಚಿದ. ಸೌಟಣ್ಣ ಅದನ್ನು ತೆಗೆದುಕೊಳ್ಳಲಿಲ್ಲ. ಕಿವಿಯ ಮುಂದೆ ಮಂಡಿಯೂರಿ ಕೂತು, ಸೌಟನ್ನು ತಿರುಗಿಸಿ ಹಿಡಿದು, ಅದರ ಬೆನ್ನಿನಿಂದ ಒಂದೇ ಏಟು ಹೊಡೆದ.

ಟಣ್.

ಹಸಿರು ದೀಪ ಮಿನುಗಿತು. ಅವನು ಕೈ ಇಳಿಸಿ ಅಲ್ಲೇ ಕೂತ.

“ಸೌಟಣ್ಣ, ಮೂರು ಹೊಡೀಬೇಕು,” ಎಂದ ಹೊಸಬ.

“ಗೊತ್ತು ಕಣೋ.”

ಆದರೂ ಅವನು ಹೊಡೆಯಲಿಲ್ಲ. ಮೇಡಂ ಬಗ್ಗಿ, ಬೆರಳ ಗೆಣ್ಣಿನಿಂದ ಉಳಿದೆರಡನ್ನು ತಾವೇ ತಟ್ಟಿದರು. ದೀಪ ಎರಡು ಸಲ ಮಿನುಗಿತು. ಹೊಸಬ ಹೋಗಿ ಉರುಳೆ ಬಿಚ್ಚತೊಡಗಿದ. ಕಿವಿ ಡೆಕ್ಕಿನಿಂದ ಮೇಲೆದ್ದು, ಒಂದು ಸಲ ತೂಗಿ, ನೀರಿಗಿಳಿಯಿತು. ಹಳದಿ ಗುಂಡುಗಳು ಹಸಿರಾಗಿ ಕಂಡವು, ಆಮೇಲೆ ಕಪ್ಪಾಗಿ, ಆಮೇಲೆ ಇಲ್ಲವಾದವು.

ಸೌಟಣ್ಣ ಡೆಕ್ಕಿನ ಅಂಚಿನ ಕಂಬಿಗೆ ಒರಗಿ ನೋಡುತ್ತ ನಿಂತಿದ್ದ. ಒಳಗೆ ಕುಕ್ಕರ್ ಕೂಗಿತು.

“ಅನ್ನ!” ಎಂದು ಮೇಸ್ತ್ರಿ ಕೆಳಗಿನಿಂದ ಅರಚಿದ. “ಇವತ್ತೂ ಸೀಸ್ಬೇಡ ಮಾರಾಯ!”

“ಬಂದೆ,” ಎಂದ ಅವನು.